ಅಘನಾಶಿನಿಯಿಂದ ಗೋಕರ್ಣಕ್ಕೆ ಒಂದು ದಿನದ ನಡಿಗೆ: ದಾರಿಗೆ ಪೂರ್ತಿ ಅಂಕ, ಏಜೆನ್ಸಿಗೆ ಅರ್ಧ

ಕುಮಟಾ–ಗೋಕರ್ಣ ಕಡಲ ತೀರದ ಚಾರಣವನ್ನು ಬೆಂಗಳೂರಿನ ಎಷ್ಟೋ ಏಜೆನ್ಸಿಗಳು ವಾರಾಂತ್ಯಕ್ಕೆ ನಡೆಸುತ್ತವೆ. ನಾನು ಹೋದ ಏಜೆನ್ಸಿಯ ಎರಡನೇ ದಿನದ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನ ಕಡ್ಲೆ, ಬಾಡ, ನಿರ್ವಾಣ ಬೀಚುಗಳು ಚೆನ್ನಾಗಿವೆ, ಆದರೆ ನನಗೆ ಇಡೀ ದಾರಿಯ ಜೀವ ಇರುವುದು ಎರಡನೇ ದಿನದಲ್ಲೇ.

ಬೆಳಿಗ್ಗೆ ಅಘನಾಶಿನಿ ಊರಿನಿಂದ ತದಡಿಗೆ ದೋಣಿ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಒಂದೂ ಇಲ್ಲದೆ ಬರುವ ಅಘನಾಶಿನಿ ನದಿ ಇಲ್ಲಿ ಸಮುದ್ರ ಸೇರುತ್ತದೆ. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನೀರು ಇಳಿದಾಗ ಜನ ಸೊಂಟದ ಮಟ್ಟದ ನೀರಲ್ಲಿ ನಿಂತು ಬೆಳಚು, ಅಂದ್ರೆ ತಿನ್ನುವ ಚಿಪ್ಪು, ಆರಿಸುತ್ತಾರೆ. ಒಳಗಡೆ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳಲ್ಲಿ ಆ ಉಪ್ಪನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಇದನ್ನೆಲ್ಲ ಹೇಳಿದ್ದು ನಮ್ಮ ಜೊತೆಗಿದ್ದ ಊರಿನ ಗೈಡ್. ಅವರು ದೋಣಿಯವರನ್ನು, ಮೀನು ವಿಂಗಡಿಸುವವರನ್ನು ಮಾತಾಡಿಸುತ್ತಾ, ಭರತ ಇಳಿತದ ಲೆಕ್ಕ ಹೇಳುತ್ತಾ, ಯಾವ ಬಂಡೆ ಜಾರುತ್ತದೆ ಅಂತ ಮೊದಲೇ ತೋರಿಸುತ್ತಾ ನಡೆದರು. ಕೊಟ್ಟ ದುಡ್ಡಿಗೆ ನನಗೆ ಸಿಕ್ಕ ನಿಜವಾದ ಸೇವೆ ಅಂದ್ರೆ ಇದೇ.

ತದಡಿ ಬಂದರು ದಾಟಿ ಬೇಲೇಕಾನ್, ಅಲ್ಲಿಂದ ಪ್ಯಾರಡೈಸ್. ಅದಾದ ಮೇಲೆ ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣದ ದೊಡ್ಡ ಬೀಚ್. ಒಂದೊಂದು ಬೀಚಿನ ನಡುವೆ ಕೆಂಪು ಚಿರೆಕಲ್ಲಿನ ಗುಡ್ಡ ಸಮುದ್ರಕ್ಕೆ ಚಾಚಿದೆ. ಹತ್ತಬೇಕು, ಗೇರು ಗಿಡಗಳ ಮಧ್ಯೆ ನಡೆಯಬೇಕು, ಮತ್ತೆ ಇಳಿಯಬೇಕು. ಎಡಕ್ಕೆ ಉದ್ದಕ್ಕೂ ಕಡಲು. ದೂರ ಜಾಸ್ತಿ ಅಲ್ಲ, ಬಿಸಿಲು ಜಾಸ್ತಿ. ಹತ್ತು ಗಂಟೆ ದಾಟಿದರೆ ಆ ಕಲ್ಲು ಕೆಳಗಿನಿಂದಲೂ ಸುಡುತ್ತದೆ, ಅದಕ್ಕೇ ಬೆಳಕು ಹರಿಯುವಾಗಲೇ ಹೊರಡಬೇಕು.

ಏಜೆನ್ಸಿ ಸೋತಿದ್ದು ಇಲ್ಲೇ. ಗುಂಪು ತುಂಬಾ ದೊಡ್ಡದಿತ್ತು. ತಿಂಡಿ ಮುಗಿಸಿ, ಫೋಟೋ ಮುಗಿಸಿ ಹೊರಡುವಷ್ಟರಲ್ಲಿ ಬಿಸಿಲು ಏರಿತ್ತು. ಪ್ಯಾರಡೈಸ್ ತಲುಪಿದಾಗ "ಟೈಮ್ ಆಗಿದೆ, ಇಲ್ಲಿಂದ ಓಂ ಬೀಚಿಗೆ ಬೋಟಲ್ಲಿ ಹೋಗೋಣ" ಅಂದರು. ಅದಕ್ಕೆ ಬೇರೆ ದುಡ್ಡು. ದುಡ್ಡಿನ ಮಾತು ಬಿಡಿ, ಹಾಫ್ ಮೂನ್ ದಾರಿಯೇ ಈ ದಿನದ ಅತ್ಯಂತ ಚಂದದ ತುಣುಕು! ನಡಿಗೆಗೆ ಅಂತಲೇ ಬಂದವರಿಗೆ ಅದನ್ನು ತಪ್ಪಿಸುವುದು ಅನ್ಯಾಯ ಅಲ್ವಾ? ನಾವು ಕೆಲವರು ಹಟ ಹಿಡಿದು ಗೈಡ್ ಜೊತೆ ನಡೆದೇ ಹೋದೆವು. ಗುಡ್ಡದ ತಿರುವಿನಲ್ಲಿ ಓಂ ಬೀಚಿನ ಎರಡು ಕೊಲ್ಲಿಗಳು, ನಡುವೆ ಚಾಚಿದ ಬಂಡೆ, ಎಲ್ಲ ಒಟ್ಟಿಗೆ ಕಂಡವು. ಬೋಟಿನಲ್ಲಿ ಹೋದವರಿಗೆ ಈ ನೋಟ ಸಿಗಲಿಲ್ಲ.

ಊಟ ಪರವಾಗಿಲ್ಲ. ಮುರುಗಲು ಪಾನಕ ಕೊಟ್ಟವರಿಗೆ ಪುಣ್ಯ ಬರಲಿ. ಪ್ಯಾರಡೈಸ್ ಬೀಚಿನ ಅಂಚಿನಲ್ಲಿ ಬಿದ್ದಿದ್ದ ಬಾಟಲಿಗಳನ್ನು ನೋಡಿ ಹೊಟ್ಟೆ ಉರಿಯಿತು. ಇಷ್ಟು ಜನರನ್ನು ಕರೆತರುವವರು ಒಂದು ಚೀಲ ಕಸವನ್ನಾದರೂ ವಾಪಸ್ ಹೊರಿಸಬೇಕು. ನಮ್ಮ ಏಜೆನ್ಸಿ ಆ ಮಾತನ್ನೇ ಎತ್ತಲಿಲ್ಲ.

ಹೋಗುವವರು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಳೆಗಾಲದಲ್ಲಿ ಬೇಡವೇ ಬೇಡ, ಬಂಡೆಯೂ ಅಲೆಯೂ ಎರಡೂ ಅಪಾಯ. ಬೇಕು ಅನ್ನಿಸುವುದಕ್ಕಿಂತ ಜಾಸ್ತಿ ನೀರು ಇಟ್ಟುಕೊಳ್ಳಿ, ಒಳ್ಳೆ ಹಿಡಿತದ ಶೂ ಹಾಕಿ, ಸುಮ್ನೆ ಚಪ್ಪಲಿಯಲ್ಲಿ ಹೊರಡಬೇಡಿ. ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಗುಂಪಿನಲ್ಲಿ ಎಷ್ಟು ಜನ, ಬೆಳಿಗ್ಗೆ ಎಷ್ಟಕ್ಕೆ ಹೊರಡ್ತೀರಿ, ಪ್ಯಾರಡೈಸ್‌ನಿಂದ ಓಂ ಬೀಚಿಗೆ ನಡಿಗೆಯೋ ಬೋಟೋ. ಸರಿಯಾದ ಉತ್ತರ ಬರದಿದ್ದರೆ ರೈಲಿನಲ್ಲಿ ಕುಮಟಾಕ್ಕೆ ಬಂದು ಊರಿನ ಗೈಡ್ ಒಬ್ಬರನ್ನೇ ನೇರವಾಗಿ ಹಿಡಿಯಿರಿ.