ಲಿವಿಂಗ್ ವಿಲ್ ಮಾಡಿಸಿಕೊಡುವ ಆನ್‌ಲೈನ್ ಸೇವೆ: ಕಾಗದ ಕೈಗೆ ಬಂತು, ಮಿಕ್ಕ ಕೆಲಸ ನಮ್ಮದೇ

ಐದರಲ್ಲಿ ಎರಡೂವರೆ ಸ್ಟಾರ್. ಆ ಅರ್ಧ ಕೂಡ ಫೈಲ್ ಹಿಡಿದುಕೊಂಡು ಮನೆಗೆ ಬಂದ ಹುಡುಗನ ತಾಳ್ಮೆಗೆ. ಕಂಪನಿಯ ಹೆಸರು ಬರೆಯುವುದಿಲ್ಲ. ಯಾರ ಮರ್ಯಾದೆ ತೆಗೆಯುವುದೂ ನನಗೆ ಬೇಕಿಲ್ಲ, ಈ ಕಾಗದ ಮಾಡಿಸಲು ಹೊರಟವರಿಗೆ ನಾಲ್ಕು ವಿಷಯ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ ಅಷ್ಟೆ.

ಅವರ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ‘ನಿಮ್ಮ ಸಾವು, ನಿಮ್ಮ ಆಯ್ಕೆ’ ಅಂತ ಇದೆ. ಇದು ತಪ್ಪು. ಸಣ್ಣ ತಪ್ಪೂ ಅಲ್ಲ. ಇದನ್ನು ಓದಿದವರು, ಕಾಯಿಲೆ ಮುದುಡಿ ಹಾಕಿದಾಗ ಡಾಕ್ಟರನ್ನು ಕರೆದು ‘ಸಾಕು, ಇಂಜೆಕ್ಷನ್ ಕೊಟ್ಟು ಕಳಿಸಿಬಿಡಿ’ ಅಂತ ಹೇಳಬಹುದು ಅಂದುಕೊಳ್ಳುತ್ತಾರೆ. ಭಾರತದಲ್ಲಿ ಅದು ಅಪರಾಧ. ಔಷಧಿ ಕೊಟ್ಟು ಸಾವು ತರಿಸುವ ಹಾಗಿಲ್ಲ, ರೋಗಿಯೇ ಕೈಮುಗಿದು ಕೇಳಿದರೂ ಇಲ್ಲ. ಲಿವಿಂಗ್ ವಿಲ್‌ನಲ್ಲಿ ಸಿಗುವುದು ಬೇರೆ. ಮುಂದೆ ಗುಣವಾಗದ ಕಾಯಿಲೆಯಲ್ಲಿ ಮಲಗಿ, ನಮ್ಮ ಇಷ್ಟ ಹೇಳುವ ಶಕ್ತಿಯೂ ಹೋದಾಗ, ಬರೀ ಉಸಿರು ಎಳೆಸುವ ಚಿಕಿತ್ಸೆ ಬೇಡ ಅಂತ ಈಗಲೇ ಬರೆದಿಡುವುದು. ಶುರುಮಾಡದೆ ಬಿಡಬಹುದು, ಶುರುವಾಗಿದ್ದರೆ ನಿಲ್ಲಿಸಬಹುದು. ಕಾಯಿಲೆ ತನ್ನ ದಾರಿಯಲ್ಲಿ ತಾನು ಹೋಗಲಿ ಅನ್ನುವ ಮಟ್ಟಿಗೆ ಮಾತ್ರ ಆಯ್ಕೆ ನಮ್ಮದು.

ಇಷ್ಟಾದರೂ ಸಿಗಲು ಎಷ್ಟು ವರ್ಷ ಬೇಕಾಯಿತು ನೋಡಿ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಮೇಲೆ 1973ರಲ್ಲಿ ಹಲ್ಲೆ ನಡೆಯಿತು. ಮಿದುಳಿಗೆ ಪೆಟ್ಟಾಗಿ, ಆಮೇಲೆ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ 2015ರಲ್ಲಿ ಸಾಯುವವರೆಗೆ ಇದ್ದರು. ಆಹಾರ ಕೊಡುವುದನ್ನು ನಿಲ್ಲಿಸಿ ಅವರನ್ನು ಸಾಯಲು ಬಿಡಿ ಅನ್ನುವ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ 2011ರಲ್ಲಿ ಕೋರ್ಟು ಅವರ ವಿಷಯದಲ್ಲಿ ಒಪ್ಪಲಿಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್‌ಗಳೇ ಬೇಡ ಅಂದರು. ಆದರೆ ಚಿಕಿತ್ಸೆ ಹಿಂತೆಗೆಯುವ ಬಾಗಿಲನ್ನು ಅದೇ ತೀರ್ಪು ತೆರೆಯಿತು. 2018ರಲ್ಲಿ ಕಾಮನ್ ಕಾಸ್ ಅನ್ನುವ ಸಂಸ್ಥೆ ಹಾಕಿದ್ದ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠ, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಇದೆ ಅಂತ ಹೇಳಿ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಕೊಟ್ಟಿತು, ಆದರೆ ಮ್ಯಾಜಿಸ್ಟ್ರೇಟ್ ಸಹಿ, ಮ್ಯಾಜಿಸ್ಟ್ರೇಟ್ ಖುದ್ದಾಗಿ ಬಂದು ರೋಗಿಯನ್ನು ನೋಡುವುದು ಅಂತೆಲ್ಲ ಷರತ್ತು ಹಾಕಿದ್ದರಿಂದ ಅದನ್ನು ಬಳಸುವುದೇ ಕಷ್ಟವಾಯಿತು. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಕಂಪನಿ ಕಳಿಸಿದ ಕರಡು 2018ರದ್ದು! ಕೊನೆ ಪುಟದಲ್ಲಿ ಮ್ಯಾಜಿಸ್ಟ್ರೇಟ್ ಸಹಿಗೆ ಜಾಗ ಬಿಟ್ಟಿದ್ದರು, ಬಿಲ್ಲಿನಲ್ಲಿ ಅದಕ್ಕೆ ಬೇರೆ ಶುಲ್ಕವನ್ನೂ ಸೇರಿಸಿದ್ದರು. ಫೋನ್ ಮಾಡಿ ಕೇಳಿದರೆ ‘ಮೇಡಂ, ಇದು ಸ್ಟಾಂಡರ್ಡ್ ಫಾರ್ಮ್ಯಾಟ್’ ಅಂದರು. ತೀರ್ಪಿನ ಪ್ರತಿ ಕಳಿಸಿದ ಮೇಲೆ ಸದ್ದಿಲ್ಲದೆ ಆ ಪುಟ ತೆಗೆದರು. ಓದಿಕೊಳ್ಳದೆ ಬರುವವರು ಎಷ್ಟು ಜನ ಸುಮ್ನೆ ದುಡ್ಡು ಕಟ್ಟಿದ್ದಾರೋ.

ಕರಡಿನ ಮುಖ್ಯ ಸಾಲು ಇನ್ನೂ ಕೆಟ್ಟದಾಗಿತ್ತು. ‘ಚೇತರಿಕೆಯ ಭರವಸೆ ಇಲ್ಲದಿದ್ದಲ್ಲಿ ಅನಗತ್ಯ ಚಿಕಿತ್ಸೆ ಬೇಡ’ ಅಂತ ಒಂದೇ ವಾಕ್ಯ. ಯಾವುದು ಅನಗತ್ಯ? ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರು ಇದನ್ನು ಹಿಡಿದುಕೊಂಡು ಏನು ಮಾಡಬೇಕು? ನನಗೆ ಪರಿಚಯದ ಐಸಿಯು ಡಾಕ್ಟರೊಬ್ಬರು ಕೂತು ವಿವರಿಸಿದ ಮೇಲೆ ನಾವೇ ತಿದ್ದಿದೆವು: ವೆಂಟಿಲೇಟರ್ ಬಗ್ಗೆ ಒಂದು ಸಾಲು, ಎದೆ ಒತ್ತಿ ಹೃದಯ ಮತ್ತೆ ಓಡಿಸುವುದರ ಬಗ್ಗೆ ಒಂದು, ಡಯಾಲಿಸಿಸ್‌ಗೆ ಒಂದು, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದಕ್ಕೆ ಒಂದು. ಹೀಗೆ ಬಿಡಿಬಿಡಿಯಾಗಿ ಬರೆಯುವಾಗಲೇ ನನಗೆ ನಿಜವಾಗಿ ಏನು ಬೇಕು ಅನ್ನುವುದು ಗೊತ್ತಾಗಿದ್ದು, ಯಾಕಂದ್ರೆ ನ್ಯುಮೋನಿಯಾ ಬಂದು ನಾಲ್ಕು ದಿನ ವೆಂಟಿಲೇಟರಿನಲ್ಲಿದ್ದು ಎದ್ದು ಬರುವ ಹಾಗಿದ್ದರೆ ನನಗೆ ಅದು ಖಂಡಿತ ಬೇಕು, ಮಿದುಳು ಪೂರ್ತಿ ಹೋದ ಮೇಲೆ ಮಾತ್ರ ಬೇಡ. ಕಂಪನಿಯ ಆ ಒಂದು ವಾಕ್ಯದಲ್ಲಿ ಎರಡೂ ಒಂದೇ.

ಇನ್ನೊಂದು ಕೊರತೆ ಹೇಳಲೇಬೇಕು. ಅವರ ಕರಡಿನ ತುಂಬ ‘ಬೇಡ’ಗಳೇ. ‘ಬೇಕು’ ಅಂತ ಒಂದೂ ಇಲ್ಲ. ನೋವಿಗೆ ಮಾರ್ಫಿನ್ ಬೇಕು, ಉಸಿರು ಕಟ್ಟುವ ಸಂಕಟ ಕಡಿಮೆ ಮಾಡುವ ಔಷಧಿ ಬೇಕು, ಬಾಯಿ ಒಣಗದಂತೆ ನೋಡಿಕೊಳ್ಳಬೇಕು, ಸಾಧ್ಯವಾದರೆ ಮನೆಯಲ್ಲೇ ಇರಬೇಕು. ಇದನ್ನೆಲ್ಲ ನಾವೇ ಸೇರಿಸಿದ್ದು. ಚಿಕಿತ್ಸೆ ನಿಲ್ಲಿಸುವುದು ಅಂದರೆ ಆರೈಕೆ ನಿಲ್ಲಿಸುವುದು ಅಂತ ಬಹಳ ಜನ ಹೆದರುತ್ತಾರೆ, ಈ ಫಾರಂ ನೋಡಿದರೆ ಆ ಹೆದರಿಕೆ ಜಾಸ್ತಿಯೇ ಆಗುತ್ತದೆ.

ನೋಟರಿ ವ್ಯವಸ್ಥೆ ಚೆನ್ನಾಗಿತ್ತು, ಹೇಳಿದ ದಿನವೇ ಬಂದರು. ಪುಟ ತಿರುವಿ ‘ಆಸ್ತಿ ಷೆಡ್ಯೂಲ್ ಎಲ್ಲಿದೆ?’ ಅಂತ ಕೇಳಿದರು, ಆಮೇಲೆ ಓದಿ ತಾವೇ ನಕ್ಕರು. ಸಾಕ್ಷಿ ಹಾಕಿದವರು ಪಕ್ಕದ ಮನೆಯವರು. ಸಾಕ್ಷಿಗಳು ಆದಷ್ಟು ಹೊರಗಿನವರಾಗಿದ್ದರೆ ಒಳ್ಳೆಯದು ಅನ್ನುತ್ತದೆ ನಿಯಮ.

ನಮ್ಮ ಪರವಾಗಿ ನಿಲ್ಲುವವರ ಹೆಸರು ಬರೆಯುವ ಕಾಲಂ ಬಂದಾಗ ಕಂಪನಿಯ ಫಾರಂ ಹೆಸರು, ವಯಸ್ಸು, ಫೋನ್ ನಂಬರ್ ಕೇಳಿ ಮುಂದಿನ ಪುಟಕ್ಕೆ ಹೋಗಿಬಿಡುತ್ತದೆ. ನನ್ನ ಪ್ರಕಾರ ಈ ಕಾಗದದಲ್ಲಿ ಇರುವ ಮುಖ್ಯ ವಿಷಯವೇ ಅದು. ಯಜಮಾನರ ಜೊತೆಗೆ ತಂಗಿಯ ಹೆಸರೂ ಇರಲಿ ಅಂತ ಅವಳಿಗೆ ಹೇಳಿದೆ.

‘ನಾನು ಹೇಳಿ ನಿನ್ನ ಟ್ಯೂಬ್ ತೆಗೆಸ್ಬೇಕಾ? ನನ್ನ ಕೈಲಿ ಆಗಲ್ಲ ಅಕ್ಕ’ ಅಂದಳು.

‘ತೆಗೀಬೇಕಾ ಬೇಡ್ವಾ ಅಂತ ನೋಡೋದು ಡಾಕ್ಟರು ಕಣೆ. ನಮ್ಮಕ್ಕ ಹೀಗೆ ಬಯಸಿದ್ದು ಹೌದು ಅಂತ ನೀನು ಒಪ್ಪಿಗೆ ಕೊಟ್ಟರೆ ಸಾಕು.’

‘ಅಷ್ಟು ಹೇಳೋದೇ ಕಷ್ಟ ಅಲ್ವಾ?’

ಅವಳ ಮಾತು ಸರಿ. ಕಷ್ಟವೇ. ಆದರೂ ನಿಯಮ ಗೊತ್ತಾದ ಮೇಲೆ ಅವಳಿಗೆ ಸ್ವಲ್ಪ ಧೈರ್ಯ ಬಂತು. ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್ ಮತ್ತು ಕನಿಷ್ಠ 5 ವರ್ಷ ಅನುಭವ ಇರುವ ಇಬ್ಬರು ತಜ್ಞರು ಮೊದಲ ಮಂಡಳಿಯಲ್ಲಿ ಕೂತು ನೋಡುತ್ತಾರೆ. ಅವರು ಒಪ್ಪಿದರೆ ಬೇರೆಯೇ ಮೂವರ ಎರಡನೇ ಮಂಡಳಿ, ಅದರಲ್ಲಿ ಒಬ್ಬರನ್ನು ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ನೇಮಿಸಬೇಕು. ಎರಡು ಮಂಡಳಿಗಳೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಜಾರಿಗೆ ತರುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅಂದರೆ ತಂಗಿಯ ಒಂದು ಮಾತಿನಿಂದ ಯಾರೂ ಸಾಯುವುದಿಲ್ಲ. ಇದನ್ನು ಒಂದು ಪುಟದಲ್ಲಿ ಬರೆದು ಕೊಟ್ಟಿದ್ದರೆ ಕಂಪನಿಗೆ ಇನ್ನೊಂದು ಸ್ಟಾರ್ ಕೊಡುತ್ತಿದ್ದೆ. ಕೊಡಲಿಲ್ಲ. ನಾನು ಹುಡುಕಿ ಓದಿ ಅವಳಿಗೆ ಹೇಳಬೇಕಾಯಿತು.

ಕಾಗದ ಎಲ್ಲಿಡುವುದು? ಅವರ ಪ್ರೀಮಿಯಂ ಪ್ಲಾನಿನಲ್ಲಿ ಕ್ಯೂಆರ್ ಕೋಡ್ ಇರುವ ಕಾರ್ಡ್ ಕೊಡುತ್ತಾರೆ, ಪರ್ಸ್‌ನಲ್ಲಿಟ್ಟುಕೊಳ್ಳಲು. ಉಸಿರು ಸಿಗದೆ ಬಂದವರ ಪರ್ಸ್ ತೆಗೆದು ಸ್ಕ್ಯಾನ್ ಮಾಡುವ ಎಮರ್ಜೆನ್ಸಿ ವಾರ್ಡ್ ಯಾವುದು ಅಂತ ನನಗಂತೂ ಅರ್ಥವಾಗಲಿಲ್ಲ. ನಿಯಮದ ಪ್ರಕಾರ ಒಂದು ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿಯ ಹತ್ತಿರ ಇರಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಆ ತೀರ್ಪನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದಕ್ಕಾಗಿ ಎಷ್ಟೋ ವರ್ಷ ಹೋರಾಡಿದವರು. ಆದರೆ ನಾನು ಪ್ರತಿ ಹಿಡಿದುಕೊಂಡು ಹೋದ ಕಚೇರಿಯಲ್ಲಿ ಒಬ್ಬರು ಇನ್ನೊಬ್ಬರ ಟೇಬಲ್ ತೋರಿಸಿದರು. ಕೊನೆಗೆ ಟಪಾಲು ವಿಭಾಗದಲ್ಲಿ ಸೀಲ್ ಹಾಕಿಸಿಕೊಂಡು ಬಂದೆ. ಇದು ಕಂಪನಿಯ ತಪ್ಪಲ್ಲ ನಿಜ, ಆದರೆ ‘ಎಂಡ್ ಟು ಎಂಡ್ ಸೇವೆ’ ಅಂತ ಹೇಳಿ ದುಡ್ಡು ತಗೊಂಡ ಮೇಲೆ ಆ ಸೀಲ್ ಅವರೇ ಹಾಕಿಸಿಕೊಂಡು ಬರಬೇಕಿತ್ತು.

ಈಗ ದೊಡ್ಡ ಪ್ರಶ್ನೆ. ಇಷ್ಟು ಸಾಕಾ? ನೆದರ್ಲೆಂಡ್ಸ್‌ನಲ್ಲಿ 2002ರಿಂದ ಡಾಕ್ಟರೇ ಔಷಧಿ ಕೊಡಬಹುದು. ಕೆನಡಾದಲ್ಲಿ 2016ರಿಂದ ಅವಕಾಶ ಇದೆ. ಅಮೆರಿಕದ ಒರೆಗಾನ್‌ನಲ್ಲಿ ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ರೋಗಿ ತಾನೇ ಕುಡಿಯಬೇಕು. ನಮ್ಮ ಕಾಗದ ಮಾತ್ರ ಬುದ್ಧಿ ಚುರುಕಾಗಿದ್ದು ಮೈಯ ಸ್ನಾಯು ಒಂದೊಂದೇ ಸಾಯುತ್ತಿರುವವರಿಗೆ ಏನೂ ಹೇಳುವುದಿಲ್ಲ. ಯಂತ್ರದ ಮೇಲಿರುವವರಿಗೆ ಬಿಡುಗಡೆ ಉಂಟು, ಯಂತ್ರ ಇಲ್ಲದೆ ನರಳುವವರಿಗೆ ಇಲ್ಲ. ಇದರಲ್ಲಿ ಅನ್ಯಾಯ ಇಲ್ಲ ಅಂತ ನಾನು ಹೇಳಲಾರೆ.

ಹಾಗಿದ್ದರೂ ಆ ಬಾಗಿಲು ನಮ್ಮಲ್ಲಿ ನಾಳೆಯೇ ತೆರೆಯಲಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆಸ್ಪತ್ರೆ ಬಿಲ್ಲಿಗೆ ಮನೆ ಅಡ ಇಡುವ ಜನ ನಾವು. ‘ಮಕ್ಕಳಿಗೆ ಭಾರ ಆಗಬಾರದು’ ಅಂತ ಸಾವು ಕೇಳುವ ಅಜ್ಜಿಯದು ಆಯ್ಕೆಯೋ, ಬಿಲ್ಲು ಆಡಿಸಿದ ಮಾತೋ? ಯಾವ ಡಾಕ್ಟರು, ಯಾವ ಫಾರಂ ಅದನ್ನು ಬೇರೆ ಮಾಡಿ ತೋರಿಸುತ್ತದೆ? ಮಾರ್ಫಿನ್ ಸುಲಭವಾಗಿ ಸಿಗಲಿ ಅಂತ ಮಾದಕ ವಸ್ತುಗಳ ಕಾಯ್ದೆಯನ್ನು 2014ರಲ್ಲಿ ತಿದ್ದಿದರು, ಆದರೂ ಎಷ್ಟೋ ಊರಿನಲ್ಲಿ ಬರೆದುಕೊಡುವ ಡಾಕ್ಟರೇ ಸಿಗುವುದಿಲ್ಲ. ಕೇರಳದಲ್ಲಿ ಮನೆಮನೆಗೆ ಹೋಗುವ ಉಪಶಮನ ಆರೈಕೆ ಇದೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ನೋವು ತಗ್ಗಿಸುವ ಈ ವ್ಯವಸ್ಥೆ ಎಲ್ಲರಿಗೂ ಸಿಕ್ಕ ಮೇಲೂ ಒಬ್ಬರು ‘ನನಗೆ ಸಾಕು’ ಅಂದರೆ, ಆಗ ಅವರ ಮಾತಿಗೆ ಅಡ್ಡ ಬರಲು ನನಗೆ ಕಾರಣ ಇರುವುದಿಲ್ಲ. ನೋವಿನ ಔಷಧಿ ಕೊಡದೆ ಸಾವಿನ ಔಷಧಿ ಮೊದಲು ಕೊಡುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಹಾಗಾದರೆ ಈ ಸೇವೆ ತಗೊಳ್ಳಬೇಕಾ? ಬರೆಯಲು ಬರುವವರು, ಪರಿಚಯದ ಡಾಕ್ಟರ್ ಇರುವವರು ತಾವೇ ಮಾಡಿಕೊಳ್ಳಬಹುದು. ನೋಟರಿ ಹುಡುಕಲು, ಓಡಾಡಲು ಆಗದ ವಯಸ್ಸಾದವರಿಗೆ ಉಪಯೋಗ ಇದೆ. ತಗೊಂಡರೆ ಕರಡಿನಲ್ಲಿ ಮ್ಯಾಜಿಸ್ಟ್ರೇಟ್ ಸಹಿಯ ಜಾಗ ಇದೆಯಾ ಅಂತ ಮೊದಲು ನೋಡಿ, ಇದ್ದರೆ ಅದು ಹಳೆಯದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು, ಅದಕ್ಕೂ ಇವರು ‘ಅಪ್‌ಡೇಟ್ ಪ್ಯಾಕ್’ ಅಂತ ಇಟ್ಟಿದ್ದಾರೆ, ಬೇಡ. ಆ ಮ್ಯಾಜಿಸ್ಟ್ರೇಟ್ ಶುಲ್ಕ ವಾಪಸ್ ಕೇಳಿ ಮೇಲ್ ಹಾಕಿದ್ದೇನೆ, ‘ನಿಮ್ಮ ಟಿಕೆಟ್ ಪರಿಶೀಲನೆಯಲ್ಲಿದೆ’ ಅನ್ನುವ ಉತ್ತರ ಬಿಟ್ಟರೆ ಇನ್ನೇನೂ ಬಂದಿಲ್ಲ.