ದೇಸಾನಾದ ಚಿನ್ನದ ನಾಣ್ಯ ಕೊಳ್ಳುವವರು ದಯವಿಟ್ಟು ಓದಿ

ಇಟಲಿಯ ಸಣ್ಣಪುಟ್ಟ ಪಾಳೆಯಗಾರರ ಚಿನ್ನದ ನಾಣ್ಯಗಳನ್ನು ಆನ್‌ಲೈನ್‌ನಲ್ಲಿ ಕೊಳ್ಳುವ ಸಂಗ್ರಾಹಕರು ಇದನ್ನು ಓದಲೇಬೇಕು, ಏಕೆಂದರೆ ನನ್ನನ್ನು ವಂಚಿಸಿದ ವ್ಯಾಪಾರಿ ಇನ್ನೂ ಮಾರುತ್ತಲೇ ಇದ್ದಾನೆ. ದೇಸಾನಾದ ತಿತ್ಸೋನೆ ಮನೆತನದ ಅಪರೂಪದ 'ಒಂಗರೊ' ಎಂಬ ಚಿನ್ನದ ನಾಣ್ಯ ಎಂದು ಹೇಳಿ ಆತ ನನಗೆ ಕಳುಹಿಸಿದ್ದು ಅಚ್ಚೊತ್ತಿ ಟಂಕಿಸದೆ ಇತ್ತೀಚೆಗೆ ಎರಕ ಹೊಯ್ದ ಬಿಲ್ಲೆ.

ದೇಸಾನಾ, ಮೆಸ್ಸೆರಾನೊ, ಕೊರ್ರೆಜ್ಜೊಗಳಂಥ ಪುಟ್ಟ ಸಂಸ್ಥಾನಗಳು ಹಾಲೆಂಡಿನ ಡ್ಯುಕಾಟ್ ಎಂಬ ಚಿನ್ನದ ನಾಣ್ಯವನ್ನು ಅನುಕರಿಸಿ ನಾಣ್ಯ ಟಂಕಿಸಿದ್ದು ಎಲ್ಲರಿಗೂ ಗೊತ್ತು: ಕತ್ತಿಯನ್ನೂ ಬಾಣಗಳ ಕಟ್ಟನ್ನೂ ಹಿಡಿದು ನಿಂತ ಅದೇ ಯೋಧ, ಹಿಂಬದಿಯಲ್ಲಿ ಅದೇ ಅಕ್ಷರಫಲಕ, ಬರಹದಲ್ಲಿ ಮಾತ್ರ ವ್ಯತ್ಯಾಸ. ಮೂಲ ಡ್ಯುಕಾಟ್ ಸುಮಾರು 3.5 ಗ್ರಾಂ ತೂಗುವ, ಶೇ. 98ಕ್ಕೂ ಹೆಚ್ಚು ಶುದ್ಧ ಚಿನ್ನ. ಈ ಪಾಳೆಯಗಾರರಲ್ಲಿ ಕೆಲವರು ಕಳಪೆ ನಾಣ್ಯಕ್ಕೆ ಕುಖ್ಯಾತರೇ ಆಗಿದ್ದರು. ಕೊರ್ರೆಜ್ಜೊದ ಅರಸ ಸಿರೊ ಅದೇ ಆರೋಪದಲ್ಲಿ ವಿಚಾರಣೆ ಎದುರಿಸಿ ಸಂಸ್ಥಾನವನ್ನೇ ಕಳೆದುಕೊಂಡ.

ವ್ಯಾಪಾರಿ ಗುರಾಣಿ ಮಾಡಿಕೊಂಡದ್ದು ಈ ಇತಿಹಾಸವನ್ನೇ. ತೂಕ 3.1 ಗ್ರಾಂ ಮಾತ್ರ ಇದೆಯಲ್ಲ ಎಂದು ಕೇಳಿದಾಗ, "ಸಣ್ಣ ಟಂಕಸಾಲೆ, ತೂಕ ಕಡಿಮೆಯೇ ಇರುತ್ತದೆ" ಎಂದು ಬರೆದ. ಅಕ್ಷರಗಳ ಸುತ್ತ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿವೆ, ಏಣು ಮೊಂಡಾಗಿದೆ ಎಂದಾಗಲೂ ಅದೇ ಉತ್ತರ: ಸಣ್ಣ ಟಂಕಸಾಲೆ, ಒರಟು ಕೆಲಸ. ಆ ಗುಳಿಗಳು ಎರಕದ ಗುರುತು, ಆದರೆ ತಿಳಿದವನ ಮಾತಿನಂತೆ ಕೇಳಿಸುತ್ತಿತ್ತು, ನಂಬಿದೆ.

ಆಮೇಲೆ ಒಂದು ಹಳೆಯ ಹರಾಜಿನ ಚಿತ್ರದಲ್ಲಿ ಬೇರೊಂದು ನಾಣ್ಯ ಕಂಡಿತು. ಯೋಧನ ಎಡ ಮಂಡಿಯ ಮೇಲೆ ಓರೆಯಾಗಿ ಇಳಿದ ಒಂದು ಗೀರು. ನನ್ನ ನಾಣ್ಯದಲ್ಲೂ ಅದೇ ಮಂಡಿ, ಅದೇ ಓರೆ, ಅದೇ ಗೀರು! ಭೂತಗನ್ನಡಿ ಹಿಡಿದ ಕೈ ನಡುಗಿತು. ಕೇಳಿದರೆ, "ಎರಡೂ ಒಂದೇ ಅಚ್ಚಿನವು" ಎಂದ. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಉಬ್ಬು ಗೆರೆ ಮೂಡುತ್ತದೆ. ಇದು ಒಳಕ್ಕೆ ಕೊರೆದ ಗೀರು, ಬಳಕೆಯಲ್ಲಿ ಆದದ್ದು, ಎರಡು ನಾಣ್ಯಗಳಿಗೆ ಒಂದೇ ಜಾಗದಲ್ಲಿ ಹಾಗೆ ಆಗಲು ಸಾಧ್ಯವೇ ಇಲ್ಲ. ಒಂದರಿಂದ ಎರಕದ ಅಚ್ಚು ತೆಗೆದು ಇನ್ನೊಂದನ್ನು ಎರಕ ಹೊಯ್ದಿದ್ದಾರೆ.

ಹಣ ಹಿಂದಿರುಗಿಸಿ ಎಂದಾಗ ಬಂದ ಉತ್ತರವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ನಾಚಿಕೆಯೂ ಆಗುತ್ತದೆ: "ನಕಲು ನಾಣ್ಯವೆಂದು ತಿಳಿದೇ ಕೊಂಡಿರಿ, ಈಗ ನಕಲು ಎಂದು ದೂರುವುದೇಕೆ?" ನಾನ್ನೂರು ವರ್ಷಗಳ ಹಿಂದಿನ ಪಾಳೆಯಗಾರ ಟಂಕಿಸಿದ ಅನುಕರಣೆಯೂ ಈತ ಹೊಯ್ದ ಬಿಲ್ಲೆಯೂ ಒಂದೇ ಅಂತೆ! ಆಮೇಲೆ ಉತ್ತರವೇ ಇಲ್ಲ.

ಅಂಚಿನ ಚಿತ್ರ, ತೂಕ, ಹಿಂದಿರುಗಿಸುವ ಷರತ್ತು ಇವು ಬರಹದಲ್ಲಿ ಕೈಸೇರುವ ಮುನ್ನ ಹಣ ಕಳಿಸಬೇಡಿ. ಹಳೆಯ ಹರಾಜಿನ ಚಿತ್ರಗಳಲ್ಲಿ ಅದೇ ಗೀರನ್ನು ಹುಡುಕಿ ನೋಡಿ. ತೂಕ ಕೇಳಿದರೆ ಪಾಳೆಯಗಾರರ ಕಥೆ ಹೇಳತೊಡಗುವವನ ಜೊತೆ ವ್ಯವಹಾರವೇ ಬೇಡ.