ಮಂಗಳೂರಿನ ಐಸಿಯುವಿನಲ್ಲಿ ಪಾಲಿಯೇಟಿವ್ ಸೇವೆ: ತಲಪಾಡಿಯ ಈಚೆಯಿಂದ ಒಂದು ವಿಮರ್ಶೆ

ತಲಪಾಡಿ ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಿಂದ ದೊಡ್ಡಮ್ಮನನ್ನು ಕಳೆದ ಮಳೆಗಾಲದಲ್ಲಿ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದೆವು. ಅವರಿಗೆ 76 ವರ್ಷ. ಐವತ್ತು ವರ್ಷ ಸೌದೆಯೊಲೆಯ ಹೊಗೆ ಕುಡಿದ ಶ್ವಾಸಕೋಶಕ್ಕೆ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಎಂಬ ಹೆಸರು ಬಂದು ಆಗಲೇ ಆರು ವರ್ಷವಾಗಿತ್ತು. ಅಲ್ಲಿ ನಾವಿದ್ದ ಹನ್ನೊಂದು ದಿನಗಳ ಮೇಲಿಂದ ವೈದ್ಯರ ಕೈಗುಣವನ್ನಾಗಲಿ ಕ್ಯಾಂಟೀನಿನ ಊಟವನ್ನಾಗಲಿ ಅಳೆಯುವ ಉದ್ದೇಶ ನನಗಿಲ್ಲ. ಐಸಿಯುವಿನ ಒಳಗೇ ಉಪಶಾಮಕ (ಪಾಲಿಯೇಟಿವ್) ಆರೈಕೆಯನ್ನು, ಅಂದರೆ ಗಂಭೀರ ಕಾಯಿಲೆಯವರ ನೋವು, ದಮ್ಮು, ಭಯಗಳನ್ನು ತಗ್ಗಿಸುವ ಆರೈಕೆಯನ್ನು, ಅವರು ಯೋಜಿಸಿಕೊಂಡಿದ್ದ ಬಗೆಯನ್ನು ಮಾತ್ರ ಇಲ್ಲಿ ವಿಮರ್ಶಿಸುತ್ತಿದ್ದೇನೆ. ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರನ್ನು ಬರೆಯುವುದಿಲ್ಲ.

ಕಾಸರಗೋಡಿನವರಾದ ನಮಗೆ ‘ಪಾಲಿಯೇಟಿವ್’ ಹೊಸ ಶಬ್ದವಲ್ಲ. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಆರಂಭಿಸಿದ ಕೆಲಸ ಊರೂರಿಗೆ ಹಬ್ಬಿ, 2008ರಲ್ಲಿ ಕೇರಳ ಸರಕಾರವೇ ಅದಕ್ಕೊಂದು ನೀತಿಯನ್ನು ರೂಪಿಸಿದ ಮೇಲೆ, ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಜೀಪಿನಲ್ಲಿ ಮನೆಗೆ ಬಂದು ಮೂತ್ರದ ನಳಿಕೆ ಬದಲಿಸುವುದನ್ನೂ ಬೆನ್ನಹುಣ್ಣು ತೊಳೆಯುವುದನ್ನೂ ನಾವು ನೋಡುತ್ತಲೇ ಬಂದಿದ್ದೇವೆ. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಮನೆಗಳಿಗಂತೂ ಆ ಜೀಪಿನ ಸದ್ದು ಚಿರಪರಿಚಿತ. ಆದರೆ ಈ ಪರಿಚಯವೇ ಒಂದು ತಪ್ಪು ಕಲ್ಪನೆಯನ್ನೂ ಬೆಳೆಸಿತ್ತು: ಆಸ್ಪತ್ರೆಯವರು ಕೈಬಿಟ್ಟ ಮೇಲೆ ಬರುವವರೇ ಪಾಲಿಯೇಟಿವ್‌ನವರು ಎಂದು. ಹಾಗಾಗಿ ಎರಡನೆಯ ದಿನವೇ ತರುಣ ವೈದ್ಯರೊಬ್ಬರು ಬಂದು ತಾನು ಆ ವಿಭಾಗದವನೆಂದು ಹೇಳಿದಾಗ ದೊಡ್ಡಪ್ಪನ ಮುಖ ಬಾಡಿತು. “ಹಾಗಾದರೆ ಇನ್ನು ಮದ್ದು ಇಲ್ಲವೋ ಡಾಕ್ಟ್ರೇ?” ಎಂದು ಕೇಳಿದರು. ಮಾಸ್ಕಿನ ಮೂಲಕ ಉಸಿರು ಕೊಡುವ ಚಿಕಿತ್ಸೆಯೂ ಆಂಟಿಬಯೋಟಿಕ್ಕೂ ಮುಂದುವರಿಯುತ್ತವೆ, ಅದರ ಜತೆಗೇ ದಮ್ಮು, ನಿದ್ದೆ, ಭಯ ಇವುಗಳನ್ನು ನೋಡಿಕೊಳ್ಳಲು ತಾನು ಬಂದದ್ದು ಎಂದು ಅವರು ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಈ ಸೇವೆಯ ನಿಜವಾದ ಸತ್ವವಿರುವುದು ಅದರ ಕ್ರಮದಲ್ಲಿ. ಐಸಿಯುವಿಗೆ ಬಂದ ಪ್ರತಿ ರೋಗಿಯನ್ನೂ ಮೊದಲ ದಿನವೇ ಒಂದು ಪಟ್ಟಿಯ ಪ್ರಕಾರ ಪರಿಶೀಲಿಸುತ್ತಾರೆ: ದೀರ್ಘಕಾಲದ ಕಾಯಿಲೆ ಉಂಟೇ, ಒಂದೇ ವರ್ಷದಲ್ಲಿ ಹಲವು ಬಾರಿ ದಾಖಲಾಗಿದ್ದಾರೆಯೇ, ಒಂದಕ್ಕಿಂತ ಹೆಚ್ಚು ಅಂಗಗಳು ಸೋಲುತ್ತಿವೆಯೇ, ಮನೆಯವರಲ್ಲಿ ಭಿನ್ನಾಭಿಪ್ರಾಯ ಉಂಟೇ ಎಂದು. ಹೌದೆಂದಾದರೆ ದೊಡ್ಡ ಡಾಕ್ಟರರ ಚೀಟಿಗೆ ಕಾಯದೆ ಪಾಳಿಯ ಸಿಸ್ಟರೇ ಪಾಲಿಯೇಟಿವ್ ತಂಡಕ್ಕೆ ಕರೆ ಮಾಡಬಹುದು. ಈ ಕೊನೆಯ ಅಂಶವನ್ನು ನಾನು ಬಹಳ ಮೆಚ್ಚಿದೆ, ಏಕೆಂದರೆ ರೋಗಿ ರಾತ್ರಿ ಎಷ್ಟು ಹೊತ್ತು ಕಣ್ಣು ತೆರೆದು ಮಲಗಿದ್ದರೆಂಬುದು ಬೆಳಗಿನ ರೌಂಡ್ಸಿಗೆ ಬರುವವರಿಗಿಂತ ಸಿಸ್ಟರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೂರನೆಯ ದಿನ ನಮ್ಮನ್ನು ಮಾತಿಗೆ ಕರೆದರು. ನಿಂತುಕೊಂಡು, ಲಿಫ್ಟಿನ ಬಾಗಿಲಲ್ಲಿ ಅಲ್ಲ. ಕುರ್ಚಿಗಳಿದ್ದ ಒಂದು ಸಣ್ಣ ಕೋಣೆಯಲ್ಲಿ, ಐಸಿಯು ವೈದ್ಯರು, ಪಾಲಿಯೇಟಿವ್ ವೈದ್ಯರು, ಸಿಸ್ಟರ್ ಮತ್ತು ನಾವು ನಾಲ್ವರು. ಮೊದಲು ಅವರು ಕೇಳಿದ್ದು ಕಳೆದ ಒಂದು ವರ್ಷ ದೊಡ್ಡಮ್ಮ ಮನೆಯಲ್ಲಿ ಹೇಗಿದ್ದರೆಂದು. ಅಂಗಳಕ್ಕಿಳಿಯಲಾರದೆ ಹೋದದ್ದು, ತುಳಸಿಕಟ್ಟೆಗೆ ನೀರೆರೆಯುವ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟದ್ದು, ಕುಳಿತೇ ನಿದ್ರಿಸುತ್ತಿದ್ದದ್ದು ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ, ಪರಿಸ್ಥಿತಿ ಏನೆಂಬುದು ನಮ್ಮ ಬಾಯಿಂದಲೇ ನಮಗೆ ಅರ್ಥವಾಗಿತ್ತು. ಬಳಿಕ ಅವರು ಇನ್ನೂ ಮೂರು ದಿನಗಳ ಗಡುವಿಟ್ಟು ಮಾಸ್ಕಿನ ಚಿಕಿತ್ಸೆಯನ್ನು ಪೂರ್ಣವಾಗಿ ಮಾಡಿ ನೋಡೋಣ ಎಂದರು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆಯೇ, ಮಾಸ್ಕು ತೆಗೆದು ಗಂಜಿ ಕುಡಿಯುವಷ್ಟು ಹೊತ್ತು ತಡೆಯುತ್ತಾರೆಯೇ ಎಂಬುದನ್ನು ನೋಡುವುದೆಂದೂ, ಸುಧಾರಿಸದಿದ್ದರೆ ಮುಂದೇನೆಂದೂ ಆಗಲೇ ಬರೆದು ಕಡತದ ಮೊದಲ ಪುಟಕ್ಕೆ ಲಗತ್ತಿಸಿದರು. ಪಾಳಿ ಬದಲಾದರೂ ಮಾತು ಬದಲಾಗಲಿಲ್ಲ. ಫ್ರಾನ್ಸಿನ 22 ಐಸಿಯುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೀಗೆ ಕುಳಿತು ಕೇಳಿಸಿಕೊಳ್ಳುವ ಸಭೆಯೂ ಕೈಗೊಂದು ಮಾಹಿತಿಪತ್ರವೂ ದೊರೆತ ಬಂಧುಗಳಲ್ಲಿ ಮೂರು ತಿಂಗಳ ಬಳಿಕ ಆತಂಕವೂ ಖಿನ್ನತೆಯೂ ಕಡಿಮೆಯಿದ್ದುದನ್ನು ತೋರಿಸಿತ್ತು. ದೊಡ್ಡಪ್ಪ ಈಗಲೂ ಆ ಕೋಣೆಯ ಮಾತನ್ನೇ ನೆನೆಯುತ್ತಾರೆ.

ಗಡುವು ಮುಗಿದಾಗ, ಯಂತ್ರದಿಂದ ಉಸಿರು ಕೊಡಲು ಗಂಟಲಿಗೆ ನಳಿಕೆ ಹಾಕುವ ಪ್ರಶ್ನೆ ಬಂತು. ದೊಡ್ಡಮ್ಮನಿಗೆ ಎಚ್ಚರವಿತ್ತು; ಬೇಡವೆಂದು ಕೈಯಾಡಿಸಿದರು, ಮನೆಗೆ ಹೋಗಬೇಕೆಂದರು. ಬುದ್ಧಿ ಸ್ಪಷ್ಟವಿರುವ ವಯಸ್ಕರು ತಿಳಿದೂ ಚಿಕಿತ್ಸೆ ನಿರಾಕರಿಸಿದರೆ ಅದನ್ನು ಮಾನ್ಯ ಮಾಡಬೇಕೆಂಬುದು ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿಯೇ ಇದೆ. ಪ್ರಜ್ಞೆಯಿಲ್ಲದವರ ವಿಷಯದಲ್ಲಾದರೆ ಜೀವ ಉಳಿಸುವ ಚಿಕಿತ್ಸೆಯನ್ನು ನಿಲ್ಲಿಸಲು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. 2023ರ ಜನವರಿಯಲ್ಲಿ ಆ ಕ್ರಮವನ್ನು ನ್ಯಾಯಾಲಯವೇ ಸರಳಗೊಳಿಸಿತು, 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಅದನ್ನು ಜಾರಿಗೆ ತರುವ ಸುತ್ತೋಲೆಯನ್ನೂ ಹೊರಡಿಸಿತು. ಇದನ್ನೆಲ್ಲ ವೈದ್ಯರು ಅಂಜದೆ, ಅವಸರಿಸದೆ ವಿವರಿಸಿದರು. “ನಿಮ್ಮಿಷ್ಟಕ್ಕೆ ಕರೆದೊಯ್ಯುತ್ತಿದ್ದೀರಿ ಎಂದು ಸಹಿ ಹಾಕಿ” ಎಂದು ಕೈತೊಳೆದುಕೊಳ್ಳುವ ವಾಡಿಕೆಯನ್ನು ಕಂಡ ನನಗೆ ಇದು ಸಣ್ಣ ಸಂಗತಿಯಲ್ಲ. ದಮ್ಮಿಗೆ ತೀರ ಅಲ್ಪ ಪ್ರಮಾಣದ ಮಾರ್ಫಿನ್ (ಅಫೀಮಿನಿಂದ ತಯಾರಾಗುವ ಪ್ರಬಲ ನೋವುನಿವಾರಕ) ಆರಂಭಿಸಿದ ರಾತ್ರಿ ದೊಡ್ಡಮ್ಮ ಒಂದು ವಾರದ ಬಳಿಕ ಮೊದಲ ಬಾರಿಗೆ ಕಣ್ಣು ಮುಚ್ಚಿ ನಿದ್ರಿಸಿದರು.

ಇನ್ನು ದೂರುಗಳು. ವಿಳಾಸದಲ್ಲಿ ಕಾಸರಗೋಡು ಎಂದು ಕಂಡೊಡನೆ ಸಿಸ್ಟರುಗಳು ದೊಡ್ಡಮ್ಮನೊಡನೆ ಮಲಯಾಳದಲ್ಲಿ ಮಾತನಾಡತೊಡಗಿದರು. ಹುಟ್ಟಿದಂದಿನಿಂದ ಕನ್ನಡ, ತುಳು ಎರಡೇ ಆಡಿದ ಹೆಂಗಸು ಮಾಸ್ಕಿನೊಳಗಿಂದ ಏನು ಉತ್ತರಿಸಬೇಕು? ಕರ್ನಾಟಕದ ಆಸ್ಪತ್ರೆಯಲ್ಲಿ ಕನ್ನಡತಿಗೆ ಕನ್ನಡ ಕೇಳಿ ಪಡೆಯಬೇಕಾಗಿ ಬಂದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ, ಆಗ ಬಂದಿರಲಿಲ್ಲ. ನೋವು ಎಷ್ಟೆಂದು ಅಳೆಯುವ ಚೀಟಿಯೂ ಇಂಗ್ಲಿಷಿನಲ್ಲಿಯೇ ಇತ್ತು. ಭೇಟಿಯ ಸಮಯವೋ ದಿನಕ್ಕೆರಡು ಬಾರಿ ಹತ್ತು ಹತ್ತು ನಿಮಿಷ. ಬಾಗಿಲ ಸೆಕ್ಯೂರಿಟಿಯವನಿಗೆ ಕಡತದ ಮೊದಲ ಪುಟ ಕಾಣಿಸುವುದಿಲ್ಲವಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಕಂಡದ್ದು ಗಡಿ ದಾಟುವಲ್ಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಂಟಿಬಯೋಟಿಕ್ಕಿನ ಲೆಕ್ಕವೆಲ್ಲ ಇತ್ತು. ಮಾರ್ಫಿನ್ ಎಷ್ಟು, ಎಷ್ಟು ಗಂಟೆಗೊಮ್ಮೆ ಎಂಬುದೂ, ಅದರೊಡನೆ ಕೊಡಲೇಬೇಕಾದ ಮಲಬದ್ಧತೆಯ ಮದ್ದೂ ಇರಲಿಲ್ಲ. ಎರಡು ದಿನದ ಮಾತ್ರೆ ಕೈಯಲ್ಲಿತ್ತು. ಅದು ಎಲ್ಲ ಅಂಗಡಿಗಳಲ್ಲಿ ಸಿಗುವ ಮದ್ದಲ್ಲ, ಹೆಚ್ಚಾಗಿ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಸಿಗುವಂಥದ್ದು. ನಮ್ಮ ಪಂಚಾಯತಿನ ಸಿಸ್ಟರಿಗೆ ಮಂಗಳೂರಿನಿಂದ ಒಂದು ಫೋನೂ ಬಂದಿರಲಿಲ್ಲ. ಮೂರನೆಯ ಮತ್ತು ನಾಲ್ಕನೆಯ ರಾತ್ರಿ ದೊಡ್ಡಮ್ಮ ಮತ್ತೆ ಕುಳಿತೇ ಕಳೆದರು. 2020ರಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಆಂಬ್ಯುಲೆನ್ಸುಗಳನ್ನು ತಡೆದಿದ್ದ ಕಾಲವನ್ನು ಕಂಡವರು ನಾವು; ಈಗ ರಸ್ತೆ ತೆರೆದಿದೆ, ಕಾಗದ ಮಾತ್ರ ದಾಟುವುದಿಲ್ಲ. ಕೊನೆಗೆ ಸಿಸ್ಟರೇ ಆ ತರುಣ ವೈದ್ಯರಿಗೆ ಫೋನ್ ಮಾಡಿ, ಪ್ರಮಾಣ ಕೇಳಿಕೊಂಡು, ಕಾಸರಗೋಡಿನಿಂದ ಮಾತ್ರೆ ತರಿಸಿಕೊಟ್ಟರು.

ಐಸಿಯುವಿನ ಒಳಗಿನ ಯೋಜನೆಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಹೊರಬಾಗಿಲಿನಿಂದಾಚೆಗೆ ಒಂದೂವರೆ. ಪಾಲಿಯೇಟಿವ್ ತಂಡದ ಭೇಟಿಗಳಿಗೆ ಬಿಲ್ಲಿನಲ್ಲಿ ಪ್ರತ್ಯೇಕ ಶುಲ್ಕವಿರಲಿಲ್ಲ. ಗಡಿಯ ಈಚೆಯವರು ಅಲ್ಲಿಗೆ ಹೋಗುವುದಾದರೆ ಮೂರನೆಯ ದಿನದ ಮಾತುಕತೆಯಲ್ಲೇ ತಮ್ಮ ಪಂಚಾಯತಿನ ಸಿಸ್ಟರ ಫೋನ್ ನಂಬರನ್ನು ಆ ಮೊದಲ ಪುಟದಲ್ಲಿ ಬರೆಸಿ, ಕನಿಷ್ಠ ಹದಿನೈದು ದಿನದ ಮಾರ್ಫಿನ್ನಿಗೆ ಚೀಟಿಯನ್ನೂ ಮದ್ದನ್ನೂ ಕೈಗೆ ಪಡೆದ ಮೇಲೆಯೇ ಆಂಬ್ಯುಲೆನ್ಸ್ ಹತ್ತುವುದು ಒಳ್ಳೆಯದು. ದೊಡ್ಡಮ್ಮ ಮನೆಗೆ ಬಂದ ಮೇಲೆ ಒಂಬತ್ತು ದಿನ ಇದ್ದರು. ಕೊನೆಯ ಐದು ದಿನ ಜಗಲಿಯ ಮಂಚದಲ್ಲಿ, ತುಳಸಿಕಟ್ಟೆ ಕಾಣುವಂತೆ ತಲೆದಿಂಬು ಎತ್ತರಿಸಿಕೊಂಡು, ಮಲಗಿ ನಿದ್ರಿಸಿದರು.